ಹುಣಸೆ ಮಂಚದ ಮೇಲೆ ಒಂದು ಮಧ್ಯಾಹ್ನ

ಚಪ್ಪಲಿ ಕೊಳ್ಳುವವರು ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ, ಕಲ್ಲಂಗಡಿ ಕೊಳ್ಳುವವರು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುತ್ತಾರೆ, ಆದರೆ ಮಂಚ ಕೊಳ್ಳಲು ಬಂದವರು ಮಾತ್ರ ಅದರ ಮೇಲೆ ಮಲಗಿ ನೋಡುವುದಿಲ್ಲ. ಕಾಲು ಅಲುಗಾಡಿಸುತ್ತಾರೆ, ಹಲಗೆಗೆ ಬೆರಳಿನಿಂದ ಕುಟ್ಟುತ್ತಾರೆ, ಬಹಳವೆಂದರೆ ಯಾರೋ ಬಯ್ಯುತ್ತಾರೇನೋ ಎಂಬಂತೆ ಅರ್ಧ ತೊಡೆ ಊರಿ ಎದ್ದುಬಿಡುತ್ತಾರೆ. ಚಿಕ್ಕೋಡಿಯ ನಮ್ಮ ಅಂಗಡಿಯಲ್ಲಿ ಕೂತು ಇದನ್ನು ದಿನವೂ ನೋಡುತ್ತೇನೆ. ನಗುವುದಿಲ್ಲ, ಸಂಕೋಚದ ವಿಷಯದಲ್ಲಿ ನಾನು ಅವರೆಲ್ಲರ ಹಿರಿಯಕ್ಕ.

ಮೊಮ್ಮಕ್ಕಳೇ, ನಿಮ್ಮ ಆಯಿ ಎಂಥ ನಾಚಿಕೆಯ ಹೆಂಗಸೆಂದರೆ, ಹೊಸದಾಗಿ ಮದುವೆಯಾದಾಗ ಒಮ್ಮೆ ಬಸ್ಸು ನಮ್ಮೂರಿಗೆ ದಾರಿ ಒಡೆಯುವ ಫಾಟಾಕ್ಕೆ ಬಂದರೂ ಕಂಡಕ್ಟರನಿಗೆ 'ನಿಲ್ಲಿಸ್ರಿ' ಎನ್ನಲು ಬಾಯಿ ಬಾರದೆ ಸೀದಾ ನಿಪ್ಪಾಣಿಗೆ ಹೋಗಿ ಇಳಿದಳು. ಬೇಕೆಂದೇ ಹೋದವಳ ಹಾಗೆ ಅಲ್ಲಿಂದ ಎರಡು ಹಿತ್ತಾಳೆ ಬಟ್ಟಲು ಕೊಂಡು ತಂದಳು. ನೀವು ಈಗ ಹುಗ್ಗಿ ಉಣ್ಣುವುದು ಅವುಗಳಲ್ಲೇ.

ನನ್ನವರು, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ಅವರ ಮರಗಳ ಕೆಲಸವನ್ನು ನಿಮ್ಮಪ್ಪ ಈರಣ್ಣ ಮುಂದುವರಿಸಿದ. ದ್ರಾಕ್ಷಿ ತೋಟದ ಮೇಲೆ ನೆರಳು ಚೆಲ್ಲುವ ಟೊಂಗೆ ಸವರುವುದು, ಹುಳು ಹತ್ತಿದ ಬೇವಿಗೆ ಔಷಧಿ ಹಾಕುವುದು, ಉಳಿಯುವ ಆಸೆಯೇ ಇಲ್ಲದ ಮರವನ್ನಷ್ಟೇ ಉರುಳಿಸುವುದು, ಉರುಳಿದ್ದನ್ನು ಒಲೆಗೆ ಕೊಡದೆ ಮಣೆ, ಲಟ್ಟಣಿಗೆ, ಮಂಚ ಮಾಡಿಸಿ ಮಾರುವುದು. ಇದರಲ್ಲಿ ಕೊಡಲಿ ಅವನದು, ಬಾಯಿ ನಿಮ್ಮವ್ವ ಸುನಂದಾಳದು, ಅಂಗಡಿಯಲ್ಲಿ ಸುಮ್ಮನೆ ಕೂರುವ ಕೆಲಸ ನನ್ನದು. ಸುಮ್ಮನೆ ಕೂರುವುದರಲ್ಲಿ ನನಗೆ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯಿಂದಲೂ ಅನುಭವವಿದೆ.

ಕಳೆದ ಬೇಸಿಗೆಯಲ್ಲಿ ಕರೋಶಿಯಲ್ಲಿ, ಕುರಿ ಸಾಕುವವರೊಬ್ಬರ ದೊಡ್ಡಿಯ ಮೇಲೆ ಮುದಿ ಹುಣಸೆಮರವೊಂದು ವಾಲಿತ್ತು. ಬುಡ ಟೊಳ್ಳು, ಮೇಲಿನ ಕಾಂಡ ಮಾತ್ರ ಕಬ್ಬಿಣ. ಈರಣ್ಣ ಅದನ್ನು ಇಳಿಸಿದಾಗ ಆ ಮನೆಯ ಅಜ್ಜ ಕೇಳಿದನಂತೆ:

"ಈ ಗಿಡದಾಗ ನಮ್ಮ ಮುತ್ಯಾನ ಕಾಲದಿಂದ ಒಂದ ದೆವ್ವ ಇತ್ತಲೋ ತಮ್ಮಾ. ಈಗ ಅದು ಎಲ್ಲಿಗೆ ಹೋಗಬೇಕು?"

"ಎಲ್ಲಿಗೆ ಹೋಗ್ತೈತ್ರಿ ಯಜ್ಜಾ, ಟ್ರ್ಯಾಕ್ಟರ್ ಹತ್ತಿ ನಮ್ಮ ಕೂಡ ಚಿಕ್ಕೋಡಿಗೆ ಬರ್ತೈತಿ," ಎಂದನಂತೆ ನಿಮ್ಮಪ್ಪ.

ಹಾಸ್ಯದ ಮಾತಿಗೆ ಬ್ರೇಕು ಇರುವುದಿಲ್ಲ. ಟ್ರ್ಯಾಕ್ಟರು ಊರು ಮುಟ್ಟುವ ಮೊದಲೇ ಅದು ಚಿಕ್ಕೋಡಿ ಪೇಟೆಯನ್ನು ಒಂದು ಸುತ್ತು ಹಾಕಿ ಬಂದಿತ್ತು.

ಬಡಿಗ ಎರಡು ಗರಗಸಗಳ ಹಲ್ಲು ಮುರಿದುಕೊಂಡು ಆ ಕಾಂಡದಿಂದ ಬೆಲ್ಲದ ಪಾಕದ ಬಣ್ಣದ ಒಂದು ದೊಡ್ಡ ಮಂಚ ಮಾಡಿಕೊಟ್ಟ. ಬಂದವರೆಲ್ಲ ಅದರ ನುಣುಪನ್ನು ಮೆಚ್ಚಿ ಕೈಯಾಡಿಸುವರು, ಆಮೇಲೆ ಥಟ್ಟನೆ ಕೈ ಹಿಂದೆಳೆದು, "ಕರೋಶಿ ಹುಣಸಿ ಏನ್ರಿ ಇದು?" ಎನ್ನುವರು. ಸುಳ್ಳು ಹೇಳಲು ನನಗೆ ಬಾರದು, ನಿಜ ಹೇಳಲು ಬಾಯಿ ಬಾರದು, ತಲೆ ತಗ್ಗಿಸುತ್ತಿದ್ದೆ. ದೆವ್ವ ನನ್ನ ಹೆಗಲ ಮೇಲೇ ಕೂತಿದೆಯೆಂದು ಅವರು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲು ಮಂಚ ಬೇಡವಾಯಿತು, ಆಮೇಲೆ ಅದರ ಪಕ್ಕದಲ್ಲಿದ್ದ ತಪ್ಪಿಗೆ ಬೇವಿನ ಮಣೆಗಳೂ ಬೇಡವಾದವು. ಕೊನೆಗೆ ಟೊಂಗೆ ಸವರಲು ಕರೆದಿದ್ದ ಭೋಜ ಊರಿನ ತೋಟದವರು, "ಸದ್ಯಕ್ಕ ಬರಬ್ಯಾಡ್ರಿ, ಮನ್ಯಾಗ ಹೆಣ್ಣಮಕ್ಕಳು ಅಂಜಾಕತ್ತಾರ," ಎಂದು ಫೋನು ಮಾಡಿದರು. ಎರಡು ತಿಂಗಳು ಕೊಡಲಿ ಗೋಡೆಗೆ ಒರಗಿ ನಿಂತಿತು. ಅಂಗಡಿ ಮುಚ್ಚಿ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಮಾತು ಈರಣ್ಣನ ಬಾಯಲ್ಲಿ ಬಂದಾಗ ನನ್ನ ನಿದ್ದೆ ಹಾರಿಹೋಯಿತು.

"ಯಾರರ ಇದರ ಮ್ಯಾಲೆ ಮಲಗಿ ತೋರಸಬೇಕ್ರಿ," ಎಂದಳು ಸುನಂದಾ. "ಸಂತಿ ದಿನ, ಎಲ್ಲಾರ ಕಣ್ಣ ಮುಂದ."

"ನಾ ಮಲಗ್ತೇನಿ ತಗೋ," ಎಂದ ಈರಣ್ಣ.

"ನೀವ ಮಲಗಿದ್ರ ಕುಡದ ಬಿದ್ದಾನ ಅಂತಾರ. ನಾ ಮಲಗಿದ್ರ, ಅತ್ತಿನ್ನ ದುಡಿಯಾಕ ಹಚ್ಚಿ ಸೊಸಿ ಮಲಗ್ಯಾಳ ಅಂತಾರ."

ಇಬ್ಬರೂ ನನ್ನ ಕಡೆ ತಿರುಗಿದರು.

"ಯವ್ವಾ, ನನಗ ನಾಚಿಕಿ ಬರ್ತೈತಿ," ಎಂದೆ.

"ಕಣ್ಣ ಮುಚ್ಚಿಕೊಂಡ್ರ ನಾಚಿಕಿ ಎಲ್ಲಿಂದ ಬರ್ತೈತ್ರಿ ಅತ್ತಿ?"

ಹಗಲು ಹೊತ್ತಿನಲ್ಲಿ ಮಾವನವರ ಎದುರು ಗೋಡೆಗೆ ಒರಗಿ ಕೂತವಳೂ ಅಲ್ಲ ನಾನು. ಅಂಥವಳು ಸಂತೆಯ ದಿನ ಮಧ್ಯಾಹ್ನ, ರಸ್ತೆಗೆ ಎದುರಾಗಿ ಹಾಕಿದ ಮಂಚದ ಮೇಲೆ, ಮುಖದ ಮೇಲೆ ಸೆರಗೆಳೆದು, ಮೊಣಕಾಲು ಮಡಚಿ, ಒಗೆಯಲು ಕಟ್ಟಿಟ್ಟ ಬಟ್ಟೆಯ ಗಂಟಿನಂತೆ ಬಿದ್ದುಕೊಂಡೆ. ಸೆರಗಿನಾಚೆ ಚಪ್ಪಲಿಗಳ ಸದ್ದು ಒಂದೊಂದಾಗಿ ನಿಲ್ಲತೊಡಗಿತು.

"ಏ, ಕಾಕಿ ಹೋದಳೇನಪಾ?"

"ಹೋಗಿಲ್ಲ ಬಿಡಲೇ, ಉಸರ ಆಡಾಕತ್ತೈತಿ."

"ದೆವ್ವ ಎದಿ ಮ್ಯಾಲೆ ಕುಂತ್ರೂ ಹಂಗ ಆಡ್ತೈತಿ."

ಎದ್ದು ಓಡಿಬಿಡಬೇಕೆನಿಸಿತು. ಆದರೆ ಓಡಿದರೆ ದೆವ್ವವೇ ಓಡಿಸಿತೆಂದು ಸಂತೆಯೆಲ್ಲ ಸಾಕ್ಷಿ ಹೇಳುತ್ತದಲ್ಲ! ಹಾಗೆಂದು ಹಲ್ಲು ಕಚ್ಚಿ ಬಿದ್ದುಕೊಂಡವಳಿಗೆ, ಹುಣಸೆಯ ಹಲಗೆ ತಂಪಾಗಿತ್ತು ಎನ್ನುವುದಷ್ಟೇ ನೆನಪು.

ಮುಂದಿನದು ಸುನಂದಾ ಹೇಳಿದ್ದು. ನನ್ನ ಗೊರಕೆ ಎದುರಿನ ಚಹಾದಂಗಡಿಗೆ ಕೇಳಿಸಿತಂತೆ. ಅದು ದೆವ್ವದ ಸದ್ದೆಂದು ಒಬ್ಬ ಅಂದರೆ, "ದೆವ್ವ ಇದ್ರೂ ಈ ಗೊರಕಿಗೆ ಅಂಜಿ ಹೊಳ್ಳಿ ಕರೋಶಿಗೆ ಹೋಗಿರ್ತೈತಿ," ಎಂದು ಇನ್ನೊಬ್ಬ ಅಂದನಂತೆ. ಜನ ನಕ್ಕರಂತೆ. ನಕ್ಕ ಮೇಲೆ ಹತ್ತಿರ ಬಂದರಂತೆ. ಸತ್ತಿಯಿಂದ ಸಂತೆಗೆ ಬಂದಿದ್ದ, ಮೊಣಕಾಲ ನೋವಿನಿಂದ ವರ್ಷಗಟ್ಟಲೆ ನೆಟ್ಟಗೆ ನಿದ್ದೆ ಕಾಣದ ಮುದುಕಿಯೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, "ಹಿಂಗ ನಿದ್ದಿ ಬರೂದಾದ್ರ ದೆವ್ವ ಇದ್ರೂ ನಡೀತೈತಿ. ಈ ಮಂಚಾನ ನನಗ ಬೇಕು," ಎಂದು ಮಾತು ಮುಗಿಸಿಬಿಟ್ಟಳಂತೆ.

ನಾಚಿಕೆಗೂ ದೆವ್ವಕ್ಕೂ ಒಂದು ಹೋಲಿಕೆಯಿದೆ ಮಕ್ಕಳೇ. ಎರಡೂ ಎಚ್ಚರಿದ್ದವರನ್ನೇ ಹಿಡಿಯುತ್ತವೆ, ನಿದ್ದೆ ಹೋದವರ ತಂಟೆಗೆ ಬರುವುದಿಲ್ಲ. ಕಷ್ಟವೆಲ್ಲ ಎದ್ದ ಮೇಲಿನದು.

ಎದ್ದಾಗ ಸೆರಗು ಎಲ್ಲೋ ಸರಿದಿತ್ತು, ಸುತ್ತ ಮೂವತ್ತು ಜನ ನಿಂತಿದ್ದರು. ಬಾಗಿಲಲ್ಲಿ ಈರಣ್ಣ ಫೋನು ಕಿವಿಗಿಟ್ಟುಕೊಂಡು, "ನಾಳೆ ಮುಂಜಾನೆ ಭೋಜಕ್ಕ ಬಂದಬಿಡ್ತೇನ್ರಿ," ಎಂದು ಕೂಗಿ ಹೇಳುತ್ತಿದ್ದ. ನಾನು ಗಡಬಡಿಸಿ ಏಳಹೋದೆ. ಪಕ್ಕದ ಮರದ ಕೊರಡಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಸತ್ತಿಯ ಮುದುಕಿ ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿದಳು.

"ಮಲಕೋ ತಂಗಿ, ಮಲಕೋ. ಮಂಚ ಒಯ್ಯೂ ಟೆಂಪೋ ಇನ್ನ ಬಂದಿಲ್ಲ."

ಮೂವತ್ತು ಜನ ನೋಡುತ್ತಲೇ ಇದ್ದರು. ನಾನು ಮಗ್ಗಲು ಬದಲಿಸಿ, ಕಾಲು ಚಾಚಿ ಮಲಗಿದೆ.