ಷಡ್ಡಕರ ಡಿವಿಡಿ, ನನ್ನ ಟಿವಿ

ಮೊನ್ನೆ ಪಕ್ಕದ ಮನೆಯವರು ಹೊಸ ಟಿವಿ ತಂದು, ಡಬ್ಬ ಒಡೆದು, ಥರ್ಮೊಕೋಲನ್ನು ನಮ್ಮ ಕಾಂಪೌಂಡಿಗೆ ಒರಗಿಸಿಟ್ಟಿದ್ದರು. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ನನ್ನ ಷಡ್ಡಕ ಮಾದಪ್ಪನವರ ನೆನಪಾಯಿತು. ಬೇರೆಯವರಿಗೆ ಮಣ್ಣಿನ ವಾಸನೆಗೋ ಮಲ್ಲಿಗೆಯ ವಾಸನೆಗೋ ನೆನಪುಗಳು ಬರುತ್ತವಂತೆ. ನನ್ನ ಯೋಗ್ಯತೆ ಇಷ್ಟೇ.

ಷಡ್ಡಕ ಎಂದರೆ ಯಾರು ಎಂದು ನೀವು ಕೇಳುವುದಿಲ್ಲ, ಗೊತ್ತು. ಆದರೂ ನನ್ನ ವ್ಯಾಖ್ಯೆ ಕೇಳಿ: ಒಬ್ಬನೇ ಮಾವನ ಕೈಗೆ ಬೇರೆ ಬೇರೆ ವರ್ಷ ಸಿಕ್ಕಿಬಿದ್ದ ಇಬ್ಬರು ಗಂಡಸರು. ಹೀಗೆ ಸಿಕ್ಕಿಬಿದ್ದವರಲ್ಲಿ ಒಗ್ಗಟ್ಟಿರಬೇಕು. ನಮ್ಮಲ್ಲಿ ಇರಲಿಲ್ಲ. ಮಾವನವರು ನನ್ನೆದುರು ಅವರನ್ನೂ ಅವರೆದುರು ನನ್ನನ್ನೂ ಹೊಗಳಿ ಹೊಗಳಿ ನಮ್ಮಿಬ್ಬರನ್ನು ದೂರ ಮಾಡಿದ್ದರು. ಮಾದಪ್ಪನವರು ನನ್ನ ಹೆಂಡತಿ ಗಿರಿಜೆಯ ಅಕ್ಕನ ಗಂಡ, ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಮದುವೆ ಮುಂಜಿಯಲ್ಲಿ ಎದುರಾದರೆ ‘ಮಳೆ ಹೆಂಗೆ?’ ಎಂದು ಅವರು ಕೇಳುತ್ತಿದ್ದರು, ‘ಪರವಾಗಿಲ್ಲ’ ಎಂದು ನಾನು ಹೇಳುತ್ತಿದ್ದೆ. ಬೇಸಿಗೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಾನು ಗೋಡೆಯಗಲದ ಎಚ್‌ಡಿ ಟಿವಿ ಕೊಂಡೆ. ನನ್ನ ಹಳೆಯ ಡಿವಿಡಿ ಪ್ಲೇಯರನ್ನು ಅದಕ್ಕೆ ಸಿಕ್ಕಿಸಿ ನೋಡಿದರೆ ನಾಯಕಿಯ ಮುಖ ನೆನೆಸಿಟ್ಟ ಅವಲಕ್ಕಿಯಂತೆ ಕಂಡಿತು. ಮೈಸೂರಿನ ಅಂಗಡಿಯವನನ್ನು ವಿಚಾರಿಸಿದೆ.

“ಟಿವಿ ಒಸದು, ಪ್ಲೇಯರ್ ಅಳೇದು ಸಾ. ಎಚ್‌ಡಿಗೆ ಸರಿಯಾಗೋ ಪ್ಲೇಯರ್ ತಗಳಿ,” ಎಂದ ಅವನು. ಆಮೇಲೆ ಪ್ರಾಮಾಣಿಕತೆ ಉಕ್ಕಿ, “ಇಲ್ಲಾಂದ್ರೆ ಸ್ವಲ್ಪ ಕಾಯಿರಿ. ಇನ್ನೊಂದು ತರದ ಡಿಸ್ಕು ಬತ್ತಾ ಅದೆ,” ಎಂದೂ ಸೇರಿಸಿದ. ಅಲ್ಲಿಗೆ ನಾನು ಕೆಟ್ಟೆ. ಈಗ ಕೊಂಡರೆ ನಾಳೆ ಹಳತಾಗುತ್ತದೆ, ಕಾದರೆ ಇವತ್ತು ಅವಲಕ್ಕಿ. ಅನುಕೂಲಗಳನ್ನೂ ಅನನುಕೂಲಗಳನ್ನೂ ಊಟಕ್ಕೆ ಕೂತಾಗಲೆಲ್ಲ ಗಿರಿಜೆಗೆ ವಿವರಿಸತೊಡಗಿದೆ. ಅವಳು ಮಜ್ಜಿಗೆಯನ್ನು ಬೇಗ ಬೇಗ ಬಡಿಸತೊಡಗಿದಳು.

ಅದೇ ಹೊತ್ತಿಗೆ ಮಾದಪ್ಪನವರಿಗೆ ಗೊಬ್ಬರದ ಕಂಪನಿಯವರು ಒಳ್ಳೆಯ ಪ್ಲೇಯರ್ ಒಂದನ್ನು ಬಹುಮಾನವಾಗಿ ಕೊಟ್ಟರು. ನಾನು ಕನಸು ಕಾಣುತ್ತಿದ್ದ ಜಾತಿಯದೇ. ಅವರ ಮನೆಯಲ್ಲಿದ್ದದ್ದು ಮಾತ್ರ ಗುಡಾಣದಂಥ ಹಳೇ ಟಿವಿ.

ಅಕ್ಕತಂಗಿಯರು ಫೋನಿನಲ್ಲೇ ತೀರ್ಮಾನ ಮಾಡಿದರು. “ಒಂದ್ ಮನೇಲಿ ಟಿವಿ, ಒಂದ್ ಮನೇಲಿ ಮಿಷಿನ್. ಇಬ್ರೂ ಸೇರಿ ನೋಡಿ. ಯಾರೂ ಸತ್ತೋಗಲ್ಲ,” ಎಂದಳು ಗಿರಿಜೆ.

ಮುಂದಿನ ಭಾನುವಾರ ಮಾದಪ್ಪನವರು ಹೆಂಡತಿಯೊಡನೆ ಬಸ್ಸಿಳಿದು ಬಂದರು, ಪ್ಲೇಯರನ್ನು ಯೂರಿಯಾ ಚೀಲದಲ್ಲಿ ಸುತ್ತಿಕೊಂಡು. ಒಂದು ಭಕ್ತಿಚಿತ್ರ ಹಾಕಿದೆವು. ಏನು ಸ್ಪಷ್ಟ ಅಂತೀರಿ! ಸಾಕ್ಷಾತ್ ಪರಶಿವನ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಗುರುತು ಎದ್ದು ಕಾಣುತ್ತಿತ್ತು.

“ಈವಯ್ಯ ವಿಷ ಕುಡಿದ್ರೂ ದಕ್ಕಿಸ್ಕತನೆ. ಸಿಡುಬಿಗೆ ಎದ್ರಕಂಡನಲ್ಲ,” ಎಂದರು ಮಾದಪ್ಪನವರು, ಮುಖ ಗಂಟಿಕ್ಕಿಕೊಂಡೇ.

ನಾನು ನಕ್ಕೆ. ಅವರೂ ನಕ್ಕರು. ಮಳೆ ಬಿಟ್ಟು ಬೇರೆ ವಿಷಯವನ್ನು ನಾವು ಮಾತಾಡಿದ್ದು ಅದೇ ಮೊದಲು.

ಆಮೇಲೆ ಅದೇ ಅಭ್ಯಾಸವಾಯಿತು. ಭಾನುವಾರ ಬಸ್ಸು, ಯೂರಿಯಾ ಚೀಲ, ಅವರೆಕಾಳಿನ ಸಾರು, ಸಿನಿಮಾ. ನಾಯಕರ ವಿಗ್ಗಿನ ಅಂಚು ಹುಡುಕುವುದು, ಬಳಿದ ಮೀಸೆ ಹಿಡಿಯುವುದು. ಮಾವನವರ ಬಗ್ಗೆ ಇಬ್ಬರೂ ಮನಸಾರೆ ಆಡಿಕೊಳ್ಳುವುದು. ಇಷ್ಟಾದರೂ ನನ್ನ ಕೊಳ್ಳುವ ಚಪಲ ಸತ್ತಿರಲಿಲ್ಲ. ಪಾಪ, ವಯಸ್ಸಾದವರು ವಾರವಾರ ಮಿಷಿನ್ ಹೊತ್ತು ತರುತ್ತಾರೆ. ಒಂದು ಪ್ಲೇಯರ್ ತಂದುಬಿಟ್ಟರೆ ಅವರಿಗೂ ಬಿಡುಗಡೆ ಎಂದುಕೊಂಡು, ಒಂದು ಸೋಮವಾರ ಮೈಸೂರಿಗೆ ಹೋಗುವುದೆಂದು ಕೊನೆಗೂ ನಿಶ್ಚಯಿಸಿದೆ.

ಅದರ ಹಿಂದಿನ ದಿನ ಬನ್ನೂರಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥ. ಈ ವಾರ ಸಿನಿಮಾ ಇಲ್ಲ ಎಂದು ತಿಳಿಸಿದ್ದೆವು. ಗಿರಿಜೆ ಬಂದಿರಲಿಲ್ಲ, ನಾನೊಬ್ಬನೇ ಹೋಗಿದ್ದೆ. ವಾಪಸು ಬರುವಾಗ, ದಾರಿಯಲ್ಲೇ ಇದೆಯಲ್ಲ ಎಂದು ನರಸೀಪುರದಲ್ಲಿಳಿದು ಮಾದಪ್ಪನವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಎದುರು ಗೋಡೆಯ ಮೇಲೆ, ನನ್ನದಕ್ಕಿಂತ ಒಂದು ಗೇಣು ದೊಡ್ಡದಾದ ಎಚ್‌ಡಿ ಟಿವಿ. ಕೆಳಗೆ ಅದೇ ಪ್ಲೇಯರ್. ಎದುರಿಗೆ ಮಾದಪ್ಪನವರು, ಬನಿಯನ್ನಿನಲ್ಲಿ.

ಅವರು ರಿಮೋಟು ಹುಡುಕಿದರು. ಸಿಗಲಿಲ್ಲ.

“ಯುಗಾದಿಗೇ ತಂದ್ರು,” ಎಂದರು ಅವರ ಹೆಂಡತಿ, ಅಡುಗೆಮನೆಯಿಂದಲೇ. “ಗಿರಿಜಂಗೆ ಏಳ್ಬ್ಯಾಡ ಅಂತ ನನ್ ಬಾಯಿ ಕಟ್ಟವ್ರೆ.”

ಯುಗಾದಿ ಕಳೆದು ಆಗ ದಸರೆಯೂ ಆಗಿತ್ತು. ಬಸ್ ಸ್ಟ್ಯಾಂಡಿನವರೆಗೂ ಅವರು ಜೊತೆಗೆ ಬಂದರು. ನಾನೇ ಕೇಳಿದೆ: “ಇಲ್ಲೇ ಟಿವಿ ಇಟ್ಕೊಂಡು ಪ್ರತಿವಾರ ಅಷ್ಟು ದೂರ ಯಾಕೆ ಹೊತ್ಕೊಂಡು ಬರ್ತಿದ್ರಿ?”

“ಇಲ್ಲಿ ನನ್ ಜೊತೆ ಮಾತಾಡೋರೆಲ್ಲ ಗೊಬ್ರುದ್ ಇಸ್ಯನೇ ಮಾತಾಡದು ಕಣ್ರೀ,” ಎಂದರು ಅವರು. “ಟಿವಿ ಬಂತು ಅಂದ್ರೆ, ಇನ್ಯಾಕ್ ಬತ್ತೀರಿ ಅಂತ ನೀವು ಕೇಳ್ದೆ ಇದ್ರೂ ನಂಗೇ ಸಂಕೋಚ.”

ಷಡ್ಡಕನೊಬ್ಬನ ಗುಟ್ಟು ಕಾಯಲು ಹೊರಟ ಮೊದಲ ಗಂಡಸು ನಾನೇ ಇರಬೇಕು. “ಗಿರಿಜೆಗೆ ನಾನೂ ಹೇಳೋದಿಲ್ಲ. ಮುಂದಿನ ವಾರ ಬನ್ನಿ,” ಎಂದೆ.

ಸೋಮವಾರ ಮೈಸೂರಿಗೆ ಹೋಗಲಿಲ್ಲ. “ಇನ್ನೊಂದು ಥರದ ಡಿಸ್ಕು ಬರುತ್ತಂತೆ, ಕಾಯೋಣ,” ಎಂದೆ ಗಿರಿಜೆಗೆ. ಅವಳು ಮಜ್ಜಿಗೆ ಬಡಿಸಿದಳು.

ಆ ಡಿಸ್ಕು ನಮ್ಮೂರಿಗೆ ಬರಲೇ ಇಲ್ಲ. ಇದ್ದ ಸಿಡಿ ಅಂಗಡಿಯೂ ಮೊಬೈಲ್ ಅಂಗಡಿಯಾಯಿತು. ಮಾದಪ್ಪನವರ ಪ್ಲೇಯರ್ ಬಾಯಿ ತೆರೆಯುವುದನ್ನು ನಿಲ್ಲಿಸಿತು. ಸಿನಿಮಾಗಳೆಲ್ಲ ಫೋನಿನೊಳಕ್ಕೆ ಹೋದವು. ಭಾನುವಾರಗಳನ್ನು ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಅವು ತಾವೇ ನಿಂತವು. ಮದುವೆಗಳಲ್ಲಿ ಸಿಕ್ಕಾಗ ಮತ್ತೆ ಮಳೆಯ ಮಾತು ಶುರುವಾಯಿತು.

ಥರ್ಮೊಕೋಲಿನ ವಾಸನೆ ಕುಡಿದು ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ನರಸೀಪುರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಮಾದಪ್ಪನವರ ಮುಖ ಬಿಳಿಚಿಕೊಂಡಿತು.

“ಯಾಕ್ರೀ, ಯಾರಾದ್ರೂ ಓಗ್ಬುಟ್ರಾ?”

“ಯಾರೂ ಹೋಗಿಲ್ಲ. ಸುಮ್ನೆ ಬಂದೆ.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ.”

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ಅನುಮಾನದಿಂದ ನೋಡಿದರು. ಆಮೇಲೆ ಹೋಗಿ ಓಡುತ್ತಿದ್ದ ಟಿವಿ ಆರಿಸಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ಇವ್ಳೇ, ಇನ್ನೊಂದ್ ಪಾವಕ್ಕಿ ಆಕು.”