ಮಡಿಕೆಯಲ್ಲೇ ಹರಿದ ಅಂಗಿ

ಸಂಶಿ ಸಮೀಪದ ಈ ಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಸವಣ್ಣೆವ್ವ ಆಗಲೇ ಕಟ್ಟೆಯ ಮೇಲೆ ಹಳೆಯ ಸೀರೆ ಹಾಸಿ, ಮೂಲೆಗಳಿಗೆ ಕಲ್ಲು ಹೇರಿದ್ದಾರೆ. ಅದರ ಮೇಲೆ ತೇಪೆಗಳನ್ನು ಜೋಡಿಸಿ ಅಂಗೈಯಿಂದ ಸವರುತ್ತಾರೆ. ಕೌದಿಯಲ್ಲಿ ಒಂದು ಸುಕ್ಕು ಉಳಿದರೂ ಮಲಗಿದವರ ಬೆನ್ನಿಗೆ ಗೊತ್ತಾಗುತ್ತದೆ. ಸವರುತ್ತಿದ್ದ ಕೈ ಇವತ್ತು ಒಂದು ಅಂಗಿಯ ಮುಂದೆ ನಿಂತುಬಿಟ್ಟಿದೆ.

ಅದು ಮಿಲಿಟರಿ ಅಂಗಿ, ಎದುರಿಗೆ ಕೂತಿರುವ ರೇವವ್ವನ ಗಂಡನದು. ಮೈಮೇಲೆ ಸವೆದದ್ದಲ್ಲ, ಮಡಿಕೆಯ ಗೆರೆಗಳಲ್ಲಿ ಮಾತ್ರ ಬಿರಿದಿದೆ. ಎಪ್ಪತ್ತೊಂದರ ಯುದ್ಧಕ್ಕೆ ಹೋದ ಗಂಡ ತಿರುಗಿ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಕಾಣೆಯಾಗಿದ್ದಾರೆ ಎಂದಷ್ಟೇ ತಿಳಿಯಿತು.

"ರಜಾದಾಗ ಬಂದಿದ್ರು. ಮಿಲಿಟರಿಯಿಂದ ಕರೆ ಬಂತು, ಉಣ್ಣದ ಎದ್ದು ಹ್ವಾದ್ರು. ಈ ಅಂಗಿ ಹಸಿ ಇತ್ತು. ಒಣಗಿದ ಮ್ಯಾಲೆ ಮಡಚಿಡು ಅಂದ್ರು, ಇಟ್ಟೆ," ಎನ್ನುತ್ತಾರೆ ರೇವವ್ವ. "ಯುದ್ಧ ಮುಗೀತು ಅಂತ ರೇಡಿಯೋದಾಗ ಹೇಳಿದ್ರಲ್ಲ, ಅವತ್ತ ಜಳಕಕ್ಕ ನೀರು ಕಾಸಿದ್ದೆ."

ಊರಿಗೆ ಹೋದವರು ತಿರುಗಿ ಬರುವವರೆಗೆ ಅವರ ಬಟ್ಟೆಗೆ ಕತ್ತರಿ ಹಾಕಬಾರದು. ಇದು ಬಸವಣ್ಣೆವ್ವ ತಾಯಿಯಿಂದ ಕಲಿತ ಕಟ್ಟಳೆ. ಅದಕ್ಕೇ ಈ ಅಂಗಿ ಬಂದಾಗಲೆಲ್ಲ ವಾಪಸು ಕಳಿಸಿದ್ದಾರೆ.

ಬಸವಣ್ಣೆವ್ವನ ತಂದೆ ಹುಲಿಗೆಪ್ಪನೂ ಅದೇ ಯುದ್ಧಕ್ಕೆ ಹೋದವರು. ಅವರು ಬಂದರು, ಬಲಗಾಲು ಬರಲಿಲ್ಲ. ಗೆದ್ದ ಸುದ್ದಿಗೆ ಊರು ಸಕ್ಕರೆ ಹಂಚಿತ್ತು. ಹುಲಿಗೆಪ್ಪನ ಹೊಲವನ್ನು ಉಳುವವರಿಲ್ಲದೆ ಪಾಲಿಗೆ ಕೊಡಬೇಕಾಯಿತು. ಅಲ್ಲಿಯವರೆಗೆ ಕೌದಿ ಎಂದರೆ ನೆರೆಯ ಹೆಣ್ಣುಮಕ್ಕಳು ಮಧ್ಯಾಹ್ನ ಕೂಡಿ, ಹರಟುತ್ತ ಹೊಲಿಯುತ್ತಿದ್ದದ್ದು. ಅದಕ್ಕೆ ಮೊಟ್ಟಮೊದಲು ಕೂಲಿ ಕೇಳಿದವರು ಬಸವಣ್ಣೆವ್ವನ ತಾಯಿ.

"ಸೂಜಿಗೂ ಪಗಾರ ಬಂತೇನು ಅಂತ ಮಂದಿ ನಕ್ಕರ್ರಿ. ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದವ ಮಾತ ಬಿಟ್ಟ, ಕುಡಿಯೂದು ಹಿಡದ," ಎನ್ನುತ್ತಾರೆ ಬಸವಣ್ಣೆವ್ವ. ಮುಂದೆ ನಕ್ಕವರ ಮನೆಯ ಹೆಣ್ಣುಮಕ್ಕಳೂ ಕೂಲಿಗೆ ಕೂತರು.

ರೇವವ್ವನ ಪಾಡು ಬೇರೆ. ಕುಂಕುಮ ಅಳಿಸಲಿಲ್ಲ, ಆದರೆ ಮುತ್ತೈದೆಯೆಂದು ಉಡಿ ತುಂಬಲು ಯಾರೂ ಕರೆಯಲಿಲ್ಲ. ಮತ್ತೊಂದು ಮದುವೆಯ ಮಾತು ಬಂದಾಗ ಹಿರಿಯರು 'ಗಂಡ ಬಂದರೆ?' ಎಂದರು. ಹೊಲದಲ್ಲಿ ಪಾಲು ಕೇಳಿದಾಗ ಅವರೇ 'ಗಂಡನೇ ಇಲ್ಲವಲ್ಲ' ಎಂದರು.

"ಇಷ್ಟ ವರ್ಷ ಇಟ್ಟೀದಿ ಯಕ್ಕಾ, ಇನ್ನಷ್ಟು ದಿನ ಇರ್ಲಿ ಬಿಡು," ಎನ್ನುತ್ತಾರೆ ಬಸವಣ್ಣೆವ್ವ.

"ಇಟ್ಟು ನನಗೇನು ಬೆಚ್ಚಗಾತು? ನಾ ಸತ್ತ ಮರುದಿನ ಮೈದುನನ ಮಕ್ಕಳು ಇದರಾಗ ಟ್ರ್ಯಾಕ್ಟರ್ ಒರಸ್ತಾರ. ಥಂಡಿ ಆಗತೈತಿ ನನಗ. ಹೊಲಿ."

ಬಸವಣ್ಣೆವ್ವ ಕತ್ತರಿ ಮುಟ್ಟುವುದಿಲ್ಲ. ಸೂಜಿಯ ಮೊನೆಯಿಂದ ಅಂಗಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗುತ್ತಾರೆ. ಕತ್ತರಿಸದೆ ಬಿಡಿಸಿದರೆ ಕಟ್ಟಳೆಯೂ ಉಳಿಯುತ್ತದೆ, ಕೌದಿಯೂ ಆಗುತ್ತದೆ. ರೇವವ್ವ ಕೈ ಚಾಚುತ್ತಾರೆ.

"ನನ್ನ ಮುಂದ ಆಟ ಹೂಡಬ್ಯಾಡ. ಕೊಡಿಲ್ಲೆ ಕತ್ತರಿ."

ರೇವವ್ವ ತಾವೇ ಕತ್ತರಿಸುತ್ತಾರೆ, ಕಾಲರಿನಿಂದ ಕೆಳತುದಿಯವರೆಗೆ, ಬೆನ್ನಿನ ನಟ್ಟನಡುವೆ. ಬಸವಣ್ಣೆವ್ವನ ಕಣ್ಣು ಅವರ ಕೈಯ ಹಸಿರು ಬಳೆಗಳ ಮೇಲೆ ನಿಲ್ಲುತ್ತದೆ.

"ಅವನ್ಯಾಕ ನೋಡ್ತೀ? ಅವು ನನ್ನ ದುಡಿಮೀವು. ಚಾ ಇಡು ಹೋಗು."

ಒಂದು ಕೌದಿಗೆ ಎರಡು ವಾರ ಹಿಡಿಯುತ್ತದೆ. ಇದಕ್ಕೆ ತಿಂಗಳೇ ಆಗುತ್ತದೆ. ಬಸವಣ್ಣೆವ್ವ ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಕೊನೆಯ ತೇಪೆ ಮುಚ್ಚುವ ಮುಂಚೆ ಅದರಡಿ ರೊಟ್ಟಿಯ ಚೂರು ಇಡುವುದು ಇವರ ಮನೆಯ ರೂಢಿ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಆ ಕೊನೆಯ ತೇಪೆಯ ಮುಂಜಾನೆ ರೇವವ್ವ ಜೋಳದ ಇಡೀ ರೊಟ್ಟಿ ಬಡಿದು ತಂದಿದ್ದಾರೆ.

"ಚೂರು ಸಾಕ ಯಕ್ಕಾ. ಇಡೀದು ಇಟ್ಟರ ಇಲಿ ಬರತಾವು."

"ಬರ್ಲಿ. ಯಾರರ ಬರ್ಲಿ."

ಬಸವಣ್ಣೆವ್ವ ಇಡೀ ರೊಟ್ಟಿಯನ್ನೇ ಇಟ್ಟು ಹೊಲಿಯುತ್ತಾರೆ. ರೇವವ್ವ ಕೌದಿ ಹೆಗಲಿಗೇರಿಸಿಕೊಂಡು ಓಣಿಯ ತಿರುವು ದಾಟುವವರೆಗೂ ಬಸವಣ್ಣೆವ್ವನ ಸೂಜಿಗೆ ದಾರ ಏರುವುದಿಲ್ಲ. ಮುಂದೇನು ಆಸೆ ಎಂದು ಕೇಳಿದರೆ ತಲೆ ತಗ್ಗಿಸಿಯೇ ಹೇಳುತ್ತಾರೆ:

"ಉಟ್ಟು ಉಟ್ಟು ಹರಿದ ಅರಿವಿ ಬಟ್ಟೀನ ನನ್ನ ಮುಂದ ಬರಬೇಕ್ರಿ. ಇಟ್ಟು ಹರಿದದ್ದು ಬ್ಯಾಡ."