ನಾಲ್ಕೂವರೆಯ ತೇರ್ಸ್

ಕುವೈತಿಗೆ ಬಂದ ಮೊದಲ ವಾರವೇ ನನ್ನ ಭಾನುವಾರ ಕಳೆದುಹೋಯಿತು. ಖೈತಾನಿನ ಫ್ಲ್ಯಾಟಿನಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಸಿಸಿಲಿಯಕ್ಕ ಶುಕ್ರವಾರ ಬೆಳಿಗ್ಗೆಯೇ ರೇಷ್ಮೆ ಸೀರೆಯುಟ್ಟು ನನ್ನ ಹೊದಿಕೆ ಎಳೆದರು.

"ಯಲ್ಲಾ, ಏಳು ಮಾರಾಯ್ತಿ! ಪೂಜೆಗೆ ತಡ ಆಯ್ತು."

"ಇವತ್ತು ಶುಕ್ರವಾರ ಅಲ್ವಾ ಅಕ್ಕ?"

"ಇಲ್ಲಿ ರಜೆ ಇವತ್ತೇ. ಭಾನುವಾರದ ಪೂಜೆಯೂ ಇವತ್ತೇ. ಖಲಾಸ್."

ಊರಿನಲ್ಲಿ ಶುಕ್ರವಾರವೆಂದರೆ ನಾವು ಮಾಂಸ ಮುಟ್ಟದ ದಿನ. ಇಲ್ಲಿ ಪೂಜೆ ಮುಗಿಸಿ ಎಲ್ಲರೂ ಕೋಳಿ ಬಿರಿಯಾನಿ ತಿಂದರು, ನಾನೂ ತಿಂದೆ. ಫೋನಿನಲ್ಲಿ ಅಮ್ಮ, ನಮ್ಮ ಕೊಂಕಣಿಯಲ್ಲಿ ಮಾಂಯ್, "ಶುಕ್ರವಾರ ಕೋಳಿಯಾ? ನಿನ್ನ ಅಪ್ಪ ಇದ್ದಿದ್ರೆ ಎಂತ ಹೇಳ್ತಿದ್ರು?" ಎಂದು ಕೇಳಿ ತಾನೇ ನಕ್ಕಳು.

ಅಪ್ಪ ಬದುಕಿದ್ದಾಗ ಮಂಗಳೂರಿನ ಹೊರವಲಯದ ನಮ್ಮ ಇಗರ್ಜಿಯಲ್ಲಿ, ನಮ್ಮ ಚರ್ಚಿನಲ್ಲಿ, ಗುರ್ಕಾರರಾಗಿದ್ದರು, ಎಂದರೆ ನಮ್ಮ ಕೇರಿಯ ಮನೆಗಳಿಗೆಲ್ಲ ಧರ್ಮದ ಹಿರಿಯರು. ಸಂಜೆ ಏಳಕ್ಕೆ ತೇರ್ಸ್, ಜಪಸರದ ಪ್ರಾರ್ಥನೆ. ಸಿಮೆಂಟು ನೆಲದ ಮೇಲೆ ಮೊಣಕಾಲೂರಬೇಕು. ನಾನೋ ತಮ್ಮ ವಾಲ್ಟರನೋ ತೂಕಡಿಸಿದರೆ ಅಪ್ಪ ಆ ಹತ್ತು ಮಣಿಗಳನ್ನು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ತಲೆಬಾಗಿ "ಬೆಸಾಂವ್ ದಿ" ಎಂದು ಆಶೀರ್ವಾದ ಬೇಡಬೇಕು. ಅವರು ಕೈಯೆತ್ತಿ "ದೇವ್ ಬರೆಂ ಕರುಂ" ಎನ್ನುವರು, ದೇವರು ಒಳ್ಳೆಯದು ಮಾಡಲಿ ಎಂದು. ಆ ಮಾತು ಕೇಳದೆ ನಮ್ಮಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಅಂಥ ಮನೆಯ ಮಗಳ ನಂಬಿಕೆ ಇಲ್ಲಿ ಸದ್ದಿಲ್ಲದೆ ಹೋಯಿತು. ಕೊರೋನಾ ಕಾಲದಲ್ಲಿ ಇಗರ್ಜಿಯ ಬಾಗಿಲು ಹಲವು ತಿಂಗಳು ಮುಚ್ಚಿತ್ತು. ನನಗೆ ಜನರ ನೆನಪಾಯಿತು, ಅಂಗಳದ ಕೊಂಕಣಿ ಹರಟೆಯ ನೆನಪಾಯಿತು, ಬಿರಿಯಾನಿಯದೂ ಆಯಿತು. ದೇವರ ನೆನಪು ಮಾತ್ರ ಆಗಲಿಲ್ಲ. ಬಾಗಿಲು ತೆರೆದ ದಿನ ಸಿಸಿಲಿಯಕ್ಕ ಕಣ್ಣೀರಿಟ್ಟರು. ಪಕ್ಕದಲ್ಲಿ ನಿಂತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾನು ಹೋಗುವುದನ್ನು ಬಿಟ್ಟೆ. ಮಾಂಯ್ "ಪೂಜೆ ಆಯ್ತಾ ಮಗಾ?" ಎಂದರೆ "ಶುಕ್ರವಾರವೇ ಆಯ್ತು" ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದೆ.

ಕಳೆದ ವರ್ಷ ಮಾಂಯ್ ಹಾಸಿಗೆ ಹಿಡಿದಳು. ಪ್ರಾರ್ಥನೆಯ ನಡುವೆ ಅವಳಿಗೆ ಸಾಲು ತಪ್ಪಿಹೋಗುತ್ತಿತ್ತು. ಅವಳನ್ನು ನೋಡಿಕೊಳ್ಳುತ್ತಿದ್ದ ವಾಲ್ಟರ್, "ಅಕ್ಕ, ವಿಡಿಯೋ ಕಾಲಿನಲ್ಲಿ ನೀನೇ ತೇರ್ಸ್ ನಡೆಸು. ನನಗೆ ಅಪ್ಪನ ಹಾಗೆ ಬರುದಿಲ್ಲ" ಎಂದ. ಊರಿನ ಸಂಜೆ ಏಳು ಇಲ್ಲಿ ನಾಲ್ಕೂವರೆ. ಆಗ ನಾನು ಹವಲ್ಲಿಯ ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿರುತ್ತೇನೆ. ಮೇಲಿನವರನ್ನು ಕೇಳಿಕೊಂಡು, ಕೈಗವಸಿನ ಪೆಟ್ಟಿಗೆಗಳನ್ನು ಪೇರಿಸಿದ ಉಗ್ರಾಣದಲ್ಲಿ ಅರ್ಧ ಗಂಟೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಫೋನಿನೊಳಗೆ ಮೋಂಬತ್ತಿಯ ಬೆಳಕು. ಮಣಿಗೊಂದರಂತೆ ಹೇಳುವ ಐವತ್ತು ನಮಾನ್ ಮರಿಯೆ ಪ್ರಾರ್ಥನೆಗಳಲ್ಲಿ ಒಂದೂ ನನ್ನ ಬಾಯಿ ತಪ್ಪಲಿಲ್ಲ. ಅದೇ ನನಗೆ ನಾಚಿಕೆ ತಂದಿತು. ಸಾಯುತ್ತಿರುವ ತಾಯಿಯ ಮುಂದೆ ನಾಟಕ ಆಡುತ್ತಿದ್ದೇನಲ್ಲ ಎಂದು ಒಂದು ದಿನ ತಡೆಯಲಾಗಲಿಲ್ಲ.

"ಮಾಂಯ್, ನಾನು ಇಗರ್ಜಿಗೆ ಹೋಗದೆ ವರ್ಷಗಳಾಯ್ತು. ನನಗೆ ಈಗ ನಂಬಿಕೆ ಇಲ್ಲ."

ಅವಳು ಜಪಸರವನ್ನು ಎದೆಯ ಮೇಲಿಟ್ಟುಕೊಂಡಳು.

"ನನಗೆ ಗೊತ್ತುಂಟು," ಎಂದಳು. "ನಂಬಿಕೆ ಇದ್ದಾಗ ನೀನು ತೂಕಡಿಸ್ತಾ ಇದ್ದಿ. ಈಗ ಒಂದು ಮಣಿಯೂ ತಪ್ಪುದಿಲ್ಲ."

"ಹಾಗಾದ್ರೆ ನಿಲ್ಲಿಸ್ಲಾ?"

"ಬೇಡ ಮಗಾ. ನಂಬುದು ನಾನು ನಂಬ್ತೇನೆ. ನೀನು ಹೇಳು, ಸಾಕು."

ಆಮೇಲೆ ಕೈಯನ್ನು ಫೋನಿನತ್ತ ಎತ್ತಿ ಬೆಸಾಂವ್ ಕೊಟ್ಟಳು. ಮೂರು ವಾರಕ್ಕೆ ತೀರಿಕೊಂಡಳು. ಊರಿಗೆ ಹೋಗಿ ಅವಳ ಮಣ್ಣು ಮುಗಿಸಿ ಬಂದೆ. ಅಲ್ಲಿ ಇಗರ್ಜಿಯ ಮೊದಲ ಬೆಂಚಿನಲ್ಲಿ, ಗುರ್ಕಾರರ ಮಗಳೆಂದು, ಯಾರದೋ ಜಾಗದಲ್ಲಿ ಕೂತವಳಂತೆ ಕೂತಿದ್ದೆ. ಇಲ್ಲಿ ಶುಕ್ರವಾರ ಸಿಸಿಲಿಯಕ್ಕ ಸೀರೆಯುಟ್ಟು ಹೊರಟಾಗ ಖಾಲಿ ಫ್ಲ್ಯಾಟಿನಲ್ಲೂ ಹಾಗೆಯೇ ಕೂತಿರುತ್ತೇನೆ.

ಕೆಲಸಕ್ಕೆ ಮರಳಿದ ಮೊದಲ ದಿನವೇ ನಾಲ್ಕೂವರೆಗೆ ಫೋನ್ ಬಡಿಯಿತು. ವಾಲ್ಟರ್. ಹಿಂದೆ ಖಾಲಿ ಮಂಚ. ನಾನು ಉಗ್ರಾಣಕ್ಕೆ ಹೋಗಿ ತೇರ್ಸ್ ನಡೆಸಿದೆ. ಮುಗಿದ ಮೇಲೆ ಅವನು ತಲೆಬಾಗಿದ.

"ಬೆಸಾಂವ್ ದಿ, ಅಕ್ಕ."

ನಮ್ಮ ಮನೆಗೆ ಈಗ ಹಿರಿಯಳು ನಾನೇ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ. ಕೈಯೆತ್ತಿ "ಒಳ್ಳೇದಾಗ್ಲಿ" ಎಂದೆ. ಅವನು ತಲೆ ಎತ್ತಲಿಲ್ಲ. ನಲವತ್ತು ದಾಟಿದವನು, ಮಗುವಿನ ಹಾಗೆ ದೇವರ ಹೆಸರಿಗಾಗಿ ಕಾಯುತ್ತಿದ್ದ.

"ದೇವ್ ಬರೆಂ ಕರುಂ," ಎಂದೆ.

ಅವನು ಕಣ್ಣೊರೆಸಿಕೊಂಡು ಊಟಕ್ಕೆ ಎದ್ದ. ಫೋನ್ ಆರಿದ ಮೇಲೆ, ಯಾಕೋ ಗೊತ್ತಿಲ್ಲ, ನಾನೂ ಆ ಪೆಟ್ಟಿಗೆಗಳ ನಡುವೆ ತಲೆಬಾಗಿ ನಿಂತೆ. ಕೈಯೆತ್ತುವವರು ಯಾರೂ ಇರಲಿಲ್ಲ.